ಗಿರ್ದಾವರರ ಮಂಚದ ಕೆಳಗೆ

ತಿಮ್ಮವ್ವ ಸುಳ್ಳುಗಾತಿ. ಮೂವತ್ತೊಂದು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸಾಗಿ ದುಡಿದವಳು ನಾನು. ವಾಸನೆ ಹೊಡೆಯುತ್ತಲೇ ಕುಡಿದಿಲ್ಲವೆನ್ನುವವರನ್ನು, ಗುಳಿಗೆ ನುಂಗಿದೆನೆಂದು ದಿಂಬಿನ ಕೆಳಗೆ ಬಚ್ಚಿಡುವವರನ್ನು, ಹೆಂಡತಿ ತಾನಾಗಿಯೇ ಮೆಟ್ಟಿಲಿಂದ ಬಿದ್ದಳೆನ್ನುವ ಗಂಡಂದಿರನ್ನು ದಿನಬೆಳಗಾದರೆ ಕಂಡಿದ್ದೇನೆ. ಅವರೆಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದರೆ ತಿಮ್ಮವ್ವ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಈ ಮಾತನ್ನು ಮೊದಲೇ ಬರೆದಿಡುತ್ತೇನೆ. ಏಕೆಂದರೆ ಮುಂದೆ ನನ್ನ ಬಗ್ಗೆಯೂ ಅಷ್ಟೇನೂ ಒಳ್ಳೆಯದಲ್ಲದ ಒಂದೆರಡು ಸಂಗತಿಗಳು ಬರುತ್ತವೆ. ಓದುವವರು ಗಲಿಬಿಲಿಗೊಂಡು ನಮ್ಮಿಬ್ಬರನ್ನು ಅದಲುಬದಲು ಮಾಡಿಕೊಳ್ಳಬಾರದು.

ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷವಾಗಿತ್ತು. ನಾನು ಹೈದರಾಬಾದಿನಲ್ಲಿ ನರ್ಸಿಂಗ್ ಕಲಿತು ಬಂದು ಶಹಾಪುರದಲ್ಲಿ ಕೆಲಸಕ್ಕಿದ್ದೆ. ದಿನಕ್ಕೊಬ್ಬ ಹೊಸ ನೌಕರ ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಳಿದು, ಬಸ್ಸು ಹಿಡಿದು, ಹಾಸಿಗೆ ಸುರುಳಿ ಹೊತ್ತು ನಮ್ಮೂರಿಗೆ ಬರುತ್ತಿದ್ದ. ಹೊಸ ಮಾಸ್ತರರು, ಹೊಸ ಕಾರಕೂನರು, ಹೊಸ ಪೊಲೀಸರು. ಬಂದವರು ಮೊದಲು ಕೇಳುತ್ತಿದ್ದುದು ಬಾಡಿಗೆ ಮನೆ. ಅದು ಸಿಗದೆ ಎರಡು ವಾರ ಧರ್ಮಶಾಲೆಯ ಕಲ್ಲಿನ ಮೇಲೆ ಮಲಗಿ, ಜ್ವರ ಬರಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಅಂಥ ಒಬ್ಬನ ಬಾಯಿಗೆ ಥರ್ಮಾಮೀಟರ್ ಇಟ್ಟು ನಿಂತಿದ್ದಾಗ ನನಗೆ ಹೊಳೆಯಿತು: ಇವನಿಗೆ ಬೇಕಾದದ್ದು ಔಷಧವಲ್ಲ, ಮನೆ. ಮನೆ ಕೊಡುವವಳು ನಾನೇ ಏಕಾಗಬಾರದು!

ಥರ್ಮಾಮೀಟರ್ ಹೊರಗೆ ತೆಗೆಯುವಷ್ಟರಲ್ಲಿ ನನ್ನ ಸಾಮ್ರಾಜ್ಯದ ನಕ್ಷೆ ಸಿದ್ಧವಾಗಿತ್ತು. ಶಹಾಪುರದಲ್ಲೊಂದು ಮನೆ, ಅದರ ಬಾಡಿಗೆಯಿಂದ ಸುರಪುರದಲ್ಲೊಂದು, ಆ ಎರಡರ ಬಾಡಿಗೆಯಿಂದ ಯಾದಗಿರಿ ಸ್ಟೇಷನ್ನಿನ ಎದುರಿಗೇ ಒಂದು ಮಹಡಿ ಮನೆ. ರೈಲಿನಿಂದ ಇಳಿದವನು ಕಣ್ಣು ಬಿಟ್ಟರೆ ನನ್ನ ಬಾಗಿಲೇ ಕಾಣಬೇಕು. ಐವತ್ತು ತುಂಬುವುದರೊಳಗೆ ನೌಕರಿ ಬಿಟ್ಟು ಜಹಗೀರುದಾರಳಾಗಬೇಕು. ಸರ್ಕಾರ ಆಗಷ್ಟೇ ಹಳೆಯ ಜಹಗೀರುಗಳನ್ನೆಲ್ಲ ರದ್ದು ಮಾಡಿತ್ತು. ಜಾಗ ಖಾಲಿ ಇತ್ತು!

ನನ್ನ ಗಂಡ ಅಯ್ಯಣ್ಣ ಮಾಸ್ತರರು ಎಂಟು ವರ್ಷ ಉರ್ದುವಿನಲ್ಲಿ ಲೆಕ್ಕ ಕಲಿಸಿದವರು. ಇನ್ನು ಮುಂದೆ ಅದನ್ನೇ ಕನ್ನಡದಲ್ಲಿ ಕಲಿಸಬೇಕೆಂದು ಹುಕುಂ ಬಂದಿತ್ತು. ಮನೆಯಲ್ಲಿ ಗೋಡೆಗೊರಗಿ ಕುಳಿತು, ತ್ರಿಕೋನ, ಚತುಷ್ಕೋನ, ಕರ್ಣ ಎಂದು ಬಾಯಿಪಾಠ ಮಾಡುತ್ತಿದ್ದರು.

"ಒಂದು ಮನಿ ತಗೋಬೇಕಂತ ಮಾಡೀನ್ರಿ," ಎಂದೆ.

"ಇರಾಕ ಇದು ಅದಲ್ಲ."

"ಇರಾಕಲ್ಲ. ಬಾಡಿಗಿ ಕೊಡಾಕ."

"ಹಗಲೆಲ್ಲ ಮಂದಿ ನಾಡಿ ಹಿಡೀತಿ. ಇನ್ನ ಸಂಜಿಗೆ ಗ್ವಾಡಿ ಹಿಡಿಯಾಕಿ ಏನು?"

"ನಾಡಿ ನೆಟ್ಟಗಾದ್ರ ಮಂದಿ ಎದ್ದು ಹೋಗ್ತಾರ್ರಿ. ಗ್ವಾಡಿ ಎಲ್ಲಿಗೂ ಹೋಗಂಗಿಲ್ಲ."

"ಮಳಿಗಾಲದಾಗ ನೋಡೀಯಂತ, ಎಲ್ಲಿಗೆ ಹೋಗ್ತದ," ಎಂದು ಮತ್ತೆ ಚತುಷ್ಕೋನಕ್ಕೆ ಇಳಿದರು.

ಹಳೆಪೇಟೆಯ ಓಣಿಯಲ್ಲಿ ತಿಮ್ಮವ್ವನ ಮನೆ ಮಾರಾಟಕ್ಕಿದೆಯೆಂದು ಕೇಳಿ ಹೋದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಅಗಲವಾದ ಪಡಸಾಲೆ, ಅಡುಗೆ ಮನೆ, ಹಿತ್ತಲಲ್ಲಿ ಒಂದು ಸಣ್ಣ ಕೋಣೆ. ತಿಮ್ಮವ್ವ ಮಕ್ಕಳಿಲ್ಲದ ವಿಧವೆ. ವಯಸ್ಸು ಕೇಳಿದರೆ, "ಹುಟ್ಟಿದಾಗ ನಾ ಬರದಿಟ್ಟಿಲ್ಲವ್ವ," ಎಂದಳು. ನೋಡಿ, ಶುರುವಾದದ್ದೇ ಹೀಗೆ. ಮನೆ ಮಾರುತ್ತಾಳಂತೆ, ಆದರೆ ಬದುಕಿರುವ ತನಕ ಹಿತ್ತಲ ಕೋಣೆಯಲ್ಲಿ ಇರುತ್ತಾಳಂತೆ. ಬದಲಿಗೆ ಬಾಡಿಗೆದಾರರಿಗೆ ಕಸ ಹೊಡೆದು, ಬೇಕೆಂದರೆ ರೊಟ್ಟಿ ಬಡಿದು ಕೊಡುತ್ತಾಳಂತೆ.

ನಾನು ಆ ಮನೆಯನ್ನು ಹೊಸ ರೋಗಿಯನ್ನು ನೋಡುವಂತೆ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದೆ.

"ಮಾಳಿಗಿ ಸೋರತದೇನು?"

"ಸೋರತದ."

"ಎಲ್ಲಿ ಸೋರತದ?"

"ಮಳಿ ಎಲ್ಲಿ ಬೀಳತದೋ ಅಲ್ಲೆಲ್ಲ."

"ಗ್ವಾಡಿ ಗಟ್ಟಿ ಅದಾವಿಲ್ಲ?"

"ಮೂರು ಅದಾವ. ಬಡಗಣದ್ದು ಉಬ್ಬ್ಯಾದ. ಈ ಮಳಿಗಾಲ ತಡದ್ರ ನಿನ್ನ ನಸೀಬ."

"ಚೇಳು ಗೀಳು?"

"ಹೂಂ, ಅದಾವ."

ನಾನು ಹಿಂದೆ ಸರಿದು ಅವಳ ಮುಖ ನೋಡಿದೆ. ಯಾವ ಮಾರುವವಳು ತನ್ನ ಸರಕಿನ ಹುಳುಕನ್ನು ತಾನೇ ಎಣಿಸಿ ಹೇಳುತ್ತಾಳೆ? ಇದರಲ್ಲಿ ಏನೋ ಇದೆ. ಹತ್ತು ನಿಮಿಷದಲ್ಲಿ ರೋಗ ಪತ್ತೆ ಹಚ್ಚಿದೆ: ಇವಳಿಗೆ ನನಗಿಂತ ಹೆಚ್ಚು ಕೊಡುವ ಇನ್ನೊಬ್ಬ ಗಿರಾಕಿ ಸಿಕ್ಕಿದ್ದಾನೆ, ನನ್ನನ್ನು ಹೆದರಿಸಿ ಓಡಿಸಲು ಹೀಗೆ ಆಡುತ್ತಿದ್ದಾಳೆ. ನನ್ನ ಹತ್ತಿರವೇ ಇಂಥ ಆಟ! ಮರುದಿನವೇ ಕೈಯ ಬಂಗಾರದ ಬಳೆಗಳನ್ನು ಮಾರಿ, ಆ ವಾರದಲ್ಲೇ ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ದಸ್ತಾವೇಜು ಉರ್ದುವಿನಲ್ಲಿತ್ತು. ಮೂರು ಸಲ ಓದಿದೆ. ಮೋಸ ಸಿಗಲಿಲ್ಲ. ಸಿಗದಿರುವುದೇ ನನಗೆ ಸರಿಬರಲಿಲ್ಲ.

ಮೊದಲ ಮಳೆಗೆ ಮಾಳಿಗೆ ಎಲ್ಲ ಕಡೆಯೂ ಸೋರಿತು. ಎರಡನೆಯ ಮಳೆಗೆ ಬಡಗಣ ಗೋಡೆ ಹಿತ್ತಲಿಗೆ ಮಲಗಿತು. ಅದನ್ನು ಕಟ್ಟಲು ಬಂದ ಉಪ್ಪಾರನಿಗೆ ಚೇಳು ಕುಟುಕಿತು. ಅವನಿಗೆ ಇಂಜೆಕ್ಷನ್ ಕೊಟ್ಟವಳೂ ನಾನೇ. ತಿಮ್ಮವ್ವ ಹೇಳಿದ್ದೆಲ್ಲ ಅಕ್ಷರಶಃ ನಿಜವಾಯಿತು.

"ಪಾಪ, ಮುದುಕಿ ಎಲ್ಲಾ ಮೊದಲೇ ಹೇಳಿದ್ಲು," ಎಂದರು ಮಾಸ್ತರರು.

"ಅದಕ್ಕೇ ನನಗ ಸಂಶಯ. ಇಷ್ಟೆಲ್ಲ ಹೇಳ್ಯಾಳಂದ್ರ, ಹೇಳದ ಬಿಟ್ಟಿದ್ದು ಇನ್ನೂ ದೊಡ್ಡದು ಏನೋ ಅದ."

"ನಿನ್ನ ಕೈಯಾಗ ಸಿಕ್ಕ ರೋಗಿ ಆರಾಮ ಅದೀನಿ ಅಂದ್ರೂ ಬಿಡಂಗಿಲ್ಲ ನೀ."

"ಆರಾಮ ಅದೀನಿ ಅಂದವರೇ ಮೊದಲ ಸಾಯೋದು," ಎಂದೆ. ಇದು ಮಾತ್ರ ಅನುಭವದ ಮಾತು.

ಮನೆ ದುರಸ್ತಿಯಾಯಿತು. ಬಾಡಿಗೆದಾರರಾಗಿ ನನಗೆ ಸಿಕ್ಕವರು ಯಾರೆಂದುಕೊಂಡಿರಿ? ಸಾಕ್ಷಾತ್ ಲೇವಿ ಗಿರ್ದಾವರ ಶರೀಫಸಾಬರು! ಈಗಿನವರಿಗೆ ಲೇವಿ ಗೊತ್ತಿರಲಿಕ್ಕಿಲ್ಲ. ಆ ಕಾಲದಲ್ಲಿ ಬೆಳೆದ ಜೋಳದಲ್ಲಿ ಸರ್ಕಾರ ನಿಗದಿ ಮಾಡಿದ ಪಾಲನ್ನು ಎಲ್ಲರೂ ಒಪ್ಪಿಸಬೇಕಿತ್ತು. ಒಪ್ಪಿಸದೆ ಬಚ್ಚಿಟ್ಟವರನ್ನು ಹುಡುಕಿ ಹಿಡಿಯುವ ಅಧಿಕಾರಿಯೇ ಲೇವಿ ಗಿರ್ದಾವರ. ಶರೀಫಸಾಬರ ಸೈಕಲ್ಲಿನ ಗಂಟೆ ಕೇಳಿದರೆ ಸುತ್ತಲಿನ ಹಳ್ಳಿಗಳಲ್ಲಿ ಜೋಳದ ಚೀಲಗಳು ತಾವೇ ಓಡಿಹೋಗುತ್ತಿದ್ದವೆಂದು ಜನ ಹೇಳುತ್ತಿದ್ದರು. ಲಂಚ ಮುಟ್ಟದ, ಯಾರ ಮನೆಯ ಚಹಾವನ್ನೂ ಕುಡಿಯದ ಮನುಷ್ಯ. ಒಂದೇ ದೌರ್ಬಲ್ಯವೆಂದರೆ ರೋಗದ ಭಯ. ನೀರನ್ನು ಎರಡು ಸಲ ಕಾಯಿಸಿ ಕುಡಿಯುತ್ತಿದ್ದರು. ಎದುರಿಗೆ ಯಾರು ಸೀನಿದರೂ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ನರ್ಸಿನ ಮನೆಯೆಂದೇ ಅವರು ನನ್ನ ಮನೆಗೆ ಬಂದದ್ದು. ಪಡಸಾಲೆಯಲ್ಲಿ ಮಂಚ ಹಾಕಿಕೊಂಡರು, ತಿಮ್ಮವ್ವನ ಕೈರೊಟ್ಟಿ ಗೊತ್ತು ಮಾಡಿಕೊಂಡರು. ದವಾಖಾನೆಯಲ್ಲಿ ನನ್ನ ನಡಿಗೆಯೇ ಬದಲಾಯಿತು.

ಒಂದು ದಿನ ಶರೀಫಸಾಬರು ಸುರಪುರದ ಕಡೆ ತಪಾಸಣೆಗೆ ಹೋಗಿದ್ದಾಗ, ಮನೆಯೊಡತಿಯ ಗತ್ತಿನಲ್ಲಿ ಮನೆ ನೋಡಲು ಹೋದೆ. ಪಡಸಾಲೆಯ ನೆಲಕ್ಕೆಲ್ಲ ನೀಲಿ ಪರಸಿ ಕಲ್ಲು ಹಾಸಿತ್ತು. ಮಂಚದ ಕೆಳಗೆ ಮಾತ್ರ ಒಂದು ಕಲ್ಲು ಬೇರೆ. ಚೌಕಾಕಾರ, ದಪ್ಪ, ಅಂಚಿಗೆ ಹಸಿ ಸಗಣಿ ಸಾರಿಸಿದೆ. ಮನೆ ಕೊಳ್ಳುವಾಗ ಮಾಳಿಗೆ ನೋಡುವ ಭರದಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಗೇವು!

ನಮ್ಮ ಕಡೆ ಹಳೆಯ ಮನೆಗಳ ನೆಲದೊಳಗೆ ಜೋಳ ತುಂಬಿಡಲು ಬಾವಿಯಂತೆ ತೋಡಿದ ಕಣಜವಿರುತ್ತದೆ; ಅದೇ ಹಗೇವು. ಬಾಯಿಗೆ ಕಲ್ಲು ಮುಚ್ಚಿ ಸಾರಿಸಿಬಿಟ್ಟರೆ ಮೇಲೆ ಓಡಾಡುವವನಿಗೂ ತಿಳಿಯುವುದಿಲ್ಲ. ನಾನು ಮಂಚದ ಕೆಳಗೆ ತೂರಿ ಎಡಗೈ ಬೆರಳನ್ನು ಕಲ್ಲಿನ ಮೇಲಿಟ್ಟು ಬಲಗೈ ಬೆರಳಿನಿಂದ ಬಡಿದೆ. ಡಾಕ್ಟರರು ಎದೆ ಬಡಿದು ನೋಡುವುದು ಹೀಗೆಯೇ. ಗಾಳಿಯಿದ್ದರೆ ಡೋಲಿನ ಸದ್ದು, ನೀರು ತುಂಬಿದ್ದರೆ ಮೊದ್ದು ಸದ್ದು. ಖಾಲಿ ಹಗೇವು ಡೋಲಿನಂತೆ ಮೊಳಗಬೇಕಿತ್ತು. ಇದು ದಬ್, ದಬ್ ಎಂದಿತು. ತುಂಬಿದೆ. ಬಾಯಿಯವರೆಗೂ ತುಂಬಿದೆ!

ತಿಮ್ಮವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನು ಹುಡಕ್ತಿ ನರ್ಸವ್ವ?"

"ಇದರ ಕೆಳಗ ಏನದ?"

"ಹಗೇವು ಇತ್ತು."

"ಈಗ?"

"ಮಣ್ಣು ಅದ."

"ಮಣ್ಣಿನ ಕೆಳಗ?"

"ಮಣ್ಣು."

"ಅದರ ಕೆಳಗ?"

ತಿಮ್ಮವ್ವ ಸ್ವಲ್ಪ ಹೊತ್ತು ಯೋಚಿಸಿದಳು. "ಅಷ್ಟು ಕೆಳಗ ನಾ ಹೋಗಿಲ್ಲವ್ವ."

ಹೇಗಿದೆ ನೋಡಿ ಸುಳ್ಳು! ಕಣ್ಣು ಕೂಡ ಮಿಟುಕಿಸಲಿಲ್ಲ. ಅವಳು ಬಾಗಿಲು ಬಿಟ್ಟು ಹೋದ ಮೇಲೆ ಅಡುಗೆ ಮನೆಗೆ ನುಗ್ಗಿ ರೊಟ್ಟಿಯ ಬುಟ್ಟಿ ತೆರೆದು ಮೂಸಿದೆ. ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆಯಿರುತ್ತದೆ. ಎಷ್ಟು ಬೀಸಿ, ಎಷ್ಟು ಬಡಿದು, ಎಷ್ಟು ಸುಟ್ಟರೂ ಅದು ಹೋಗದು. ಬುಟ್ಟಿಯ ರೊಟ್ಟಿಗಳಿಗೆಲ್ಲ ಅದೇ ವಾಸನೆ. ಅಂದರೆ ನನ್ನ ಮನೆಯಲ್ಲಿ ಬಚ್ಚಿಟ್ಟ ಕಳ್ಳ ಜೋಳದ ಮೇಲೆ ಲೇವಿ ಗಿರ್ದಾವರರು ದಿನಾ ಮಲಗುತ್ತಿದ್ದಾರೆ, ಎದ್ದು ಅದನ್ನೇ ತಿನ್ನುತ್ತಿದ್ದಾರೆ!

ಮನೆಗೆ ಬಂದು ಮಾಸ್ತರರಿಗೆ ಹೇಳಿದೆ. ಅವರು ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ಮೂಸಿದರು. "ನಮ್ಮ ರೊಟ್ಟಿಗೂ ಅದೇ ವಾಸನಿ ಅದಲ್ಲ."

"ನಮ್ಮದು ರೇಷನ್ ಜೋಳ್ರಿ. ಲೇವಿಯವರು ಮಂದಿ ಹಗೇವಿನಿಂದ ಹಿಡದು ತಂದಿದ್ದು."

"ಆಕಿನೂ ರೇಷನ್ ಜೋಳನೇ ತಂದಿರಬೇಕು."

"ಆಕಿ ಜೋಳದ ಪರ ಮಾತಾಡಬ್ಯಾಡ್ರಿ. ಮನಿ ಯಾರ ಹೆಸರಿನಾಗ ಅದ? ನನ್ನ ಹೆಸರಿನಾಗ. ಹಗೇವು ಯಾರದು? ನನ್ನದು. ಜೋಳ ಸಿಕ್ಕರ ಯಾರ ನೌಕರಿ ಹೋಗ್ತದ?"

ಅವರು ರೊಟ್ಟಿ ಕೆಳಗಿಟ್ಟರು. ಹಿಂದಿನ ತಿಂಗಳಷ್ಟೇ ಪಕ್ಕದ ಹಳ್ಳಿಯ ಒಬ್ಬ ಪಟವಾರಿಯ ಮನೆಯಲ್ಲಿ ಆರು ಚೀಲ ಸಿಕ್ಕು ಅವನ ಕೆಲಸ ಹೋಗಿತ್ತು. ನನ್ನ ಕೈಯಲ್ಲಿ ಬಳೆ ಇಲ್ಲ. ನೌಕರಿಯೂ ಹೋದರೆ ಉಳಿಯುವುದು ಉಬ್ಬುವ ಗೋಡೆಯೊಂದೇ.

"ಶರೀಫಸಾಬರಿಗೆ ಸೀದಾ ಹೇಳು. ಅವರ ಮುಂದೇ ತೆಗೆಸು. ತಿಮ್ಮವ್ವ ಮಣ್ಣು ಅಂತಾಳಲ್ಲ."

"ತಿಮ್ಮವ್ವ ಮಣ್ಣು ಅಂತಾಳ. ಅದಕ್ಕೇ ಅದು ಜೋಳ."

ನಾನು ಯೋಚಿಸಿದೆ. ಶರೀಫಸಾಬರು ನಾಲ್ಕು ದಿನ ಮನೆ ಬಿಟ್ಟರೆ ಸಾಕು. ಒಳಗಿನ ಜೋಳವನ್ನು ಸದ್ದಿಲ್ಲದೆ ಸಾಗಿಸಿಬಿಡಬಹುದು. ಆದರೆ ಅವರು ರಜೆ ಹಾಕುವವರಲ್ಲ. ಅವರನ್ನು ಮಂಚದಿಂದ ಎಬ್ಬಿಸುವ ಶಕ್ತಿ ಜಗತ್ತಿನಲ್ಲಿ ಒಂದಕ್ಕೇ ಇತ್ತು. ಮನೆಯಲ್ಲಿ ಇಲಿ ಬಿದ್ದು ಸತ್ತರೆ ಪ್ಲೇಗಿನ ಸಂಶಯ. ಪ್ಲೇಗಿನ ಸಂಶಯ ಬಂದರೆ ಮನೆ ಬಿಡಬೇಕು. ನಮ್ಮ ದವಾಖಾನೆಯ ಉಗ್ರಾಣದಲ್ಲಿ ಸ್ಪ್ರಿಂಗಿನ ಬೋನಿಗೆ ಸಿಕ್ಕು ಇಲಿ ಸಾಯದ ದಿನವೇ ಇರಲಿಲ್ಲ.

ಹೈದರಾಬಾದಿನಲ್ಲಿ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದ ನಾನು, ಬಿಳಿ ಸೀರೆಯುಟ್ಟು, ಸತ್ತ ಇಲಿಯೊಂದನ್ನು ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು, ನಡುಮಧ್ಯಾಹ್ನ ಹಳೆಪೇಟೆಯ ಓಣಿಯಲ್ಲಿ ನಡೆದುಹೋದೆ. ಎದುರಾದವರು ಎದ್ದು ನಿಂತು ನಮಸ್ಕಾರ ಮಾಡಿದರು. ಶರೀಫಸಾಬರು ಕಚೇರಿಯಲ್ಲಿದ್ದರು. ತಿಮ್ಮವ್ವ ಅಡುಗೆ ಮನೆಯ ಮೂಲೆಯಲ್ಲಿ ಸೆರಗನ್ನು ಮುಖಕ್ಕೆ ಹೊದ್ದು ಮಲಗಿದ್ದಳು. ನಾನು ಉಸಿರು ಬಿಗಿಹಿಡಿದು ಇಲಿಯನ್ನು ಒಲೆಯ ಹಿಂದಿಟ್ಟು, ಬಟ್ಟೆಯನ್ನು ಚೀಲಕ್ಕೆ ತುರುಕಿ, ಹೊರಗೆ ಬಂದೆ. ಅಂಗಳದಲ್ಲಿ ನಿಂತು ನೂರರವರೆಗೆ ಎಣಿಸಿದೆ. ಮತ್ತೆ ಒಳಗೆ ಹೋಗಿ ಇಲಿಯನ್ನು ಕಂಡುಹಿಡಿದೆ.

ಸಂಜೆ ಸುದ್ದಿ ಕೇಳಿದ ಶರೀಫಸಾಬರು ನೆಲದ ಮೇಲಿದ್ದ ಎರಡೂ ಕಾಲುಗಳನ್ನು ಮಂಚಕ್ಕೆ ಎತ್ತಿಕೊಂಡರು. ಅಲ್ಲಿಯವರೆಗೆ ಎಲ್ಲ ನನ್ನ ನಕ್ಷೆಯಂತೆಯೇ ನಡೆಯಿತು.

"ನೀವು ನಾಕ ದಿನ ಧರ್ಮಶಾಲಿಗೆ ಹೋಗ್ರಿ ಸಾಹೇಬ್ರ. ನಾ ಡಿಡಿಟಿ ಪೌಡರ್ ಹೊಡಸ್ತೀನಿ. ಸುಮ್ನ ಯಾರಿಗೂ ಹೇಳಬ್ಯಾಡ್ರಿ, ಮಂದಿ ಘಾಬರಿ ಆಗ್ತಾರ."

"ಯಾರಿಗೂ ಹೇಳಬಾರದು ಅಂದ್ರ ಹ್ಯಾಂಗ ನರ್ಸಬಾಯಿ?" ಎಂದರು ಅವರು, ಕರವಸ್ತ್ರದ ಒಳಗಿನಿಂದ. "ನಾ ಸರ್ಕಾರಿ ಮನುಷ್ಯ. ಇಂಥಾದ್ದು ಮುಚ್ಚಿಟ್ಟರ ಗುನ್ಹಾ ಆಗ್ತದ. ಮಂದಿ ಮನ್ಯಾಗ ಮುಚ್ಚಿಟ್ಟಿದ್ದು ತೆಗೆಸಾಂವ, ನಾನೇ ಮುಚ್ಚಿಡಲೇನು?"

ಮಂಚದ ಮೇಲೆ ಕುಳಿತೇ ರಿಪೋರ್ಟು ಬರೆದರು. ಅದರಲ್ಲಿ ನನ್ನ ಜಾಗರೂಕತೆಯನ್ನು ಎರಡು ಸಾಲು ಹೊಗಳಿದ್ದರು.

ಮರುದಿನ ಬೆಳಿಗ್ಗೆ ಯಾದಗಿರಿಯಿಂದ ಜೀಪು ಬಂತು. ಇಳಿದವರು ಸ್ಯಾನಿಟರಿ ಇನ್‌ಸ್ಪೆಕ್ಟರ್ ಮರಿಲಿಂಗಪ್ಪ, ಆಗಷ್ಟೇ ಟ್ರೈನಿಂಗ್ ಮುಗಿಸಿದ, ನಿಯಮಗಳ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುವ ಹುರುಪಿನ ಮನುಷ್ಯ. ಹಿಂದೆ ಗುದ್ದಲಿ ಹಿಡಿದ ನಾಲ್ಕು ಜನ ಕೂಲಿಗಳು. ಓಣಿಯ ಹನ್ನೊಂದು ಮನೆಯವರು ಅಷ್ಟರಲ್ಲಾಗಲೇ ಗಂಟು ಮೂಟೆ, ಕೋಳಿ, ಕುರಿ, ಬೀಸುವ ಕಲ್ಲಿನ ಸಮೇತ ಹೊಲಗಳ ದಾರಿ ಹಿಡಿದಿದ್ದರು. ನಾಲ್ಕು ದಿನದ ಬಾಣಂತಿಯೊಬ್ಬಳು ಕೂಸನ್ನೆತ್ತಿಕೊಂಡು ನನ್ನ ಮುಂದೆಯೇ ಹಾದುಹೋದಳು. ಆ ಕೂಸನ್ನು ಹೆರಿಗೆ ಮಾಡಿಸಿದವಳು ನಾನು. ಒಂದು ಇಲಿ ಇಷ್ಟೆಲ್ಲ ಮಾಡೀತೆಂದು ನಾನು ಲೆಕ್ಕ ಹಾಕಿರಲಿಲ್ಲ. ಈ ಸುಳ್ಳು ಹೊರಬಿದ್ದರೆ ನೌಕರಿ ಹೋಗುವುದಷ್ಟೇ ಅಲ್ಲ, ಈ ಓಣಿಯಲ್ಲಿ ಮುಖ ಎತ್ತುವಂತಿಲ್ಲ.

ಮರಿಲಿಂಗಪ್ಪ ಪುಸ್ತಕ ತೆರೆದರು. "ಇಲಿ ಬಿದ್ದ ಮನಿ ನೆಲ ಅಗದು, ಬಿಲ ಹುಡುಕಿ ಹೊಗಿ ಹಾಕಬೇಕು. ನಡೀರಿ."

ನೆಲ ಅಗೆಯಬೇಕು! ಆ ನಿಯಮವನ್ನು ನಾನೂ ಓದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕವೂ ಬಂದಿತ್ತು. ಇಲಿಯನ್ನು ಹೊತ್ತು ನಡೆದಾಗ ಮಾತ್ರ ನೆನಪಾಗಲಿಲ್ಲ.

"ನೆಲ ಅಗಿಯೋದು ಬ್ಯಾಡ್ರಿ. ಪೌಡರ್ ಹೊಡದ್ರ ಸಾಕಾಗ್ತದ," ಎಂದೆ.

"ಹೈದರಾಬಾದಿನಾಗ ಕಲತ ನೀವೇ ಹಿಂಗಂದ್ರ ಹ್ಯಾಂಗ್ರಿ ಸಿಸ್ಟರ್?"

"ಪರಸಿ ಒಡೀತಾವ್ರಿ."

"ಮಂದಿ ಜೀವ ದೊಡ್ಡದೋ, ಪರಸಿ ದೊಡ್ಡದೋ?"

ಕೂಲಿಗಳು ಮಂಚ ಎತ್ತಿ ಅಂಗಳಕ್ಕೆ ಹಾಕಿದರು. ಚೌಕದ ಕಲ್ಲು ಎಲ್ಲರ ಕಣ್ಣಿಗೆ ಬಿತ್ತು. ಮರಿಲಿಂಗಪ್ಪ ಅದನ್ನು ಬೂಟಿನಿಂದ ಮುಟ್ಟಿ, "ಓಹೋ, ಹಗೇವು. ಇಲಿ ಇರೋದೇ ಇಂಥಾದ್ರಾಗ," ಎಂದರು.

ಬಾಗಿಲಲ್ಲಿ ನಿಂತಿದ್ದ ಶರೀಫಸಾಬರ ಮುಖದಿಂದ ಕರವಸ್ತ್ರ ಕೆಳಗಿಳಿಯಿತು. "ಹಗೇವು? ನನ್ನ ಮಂಚದ ಕೆಳಗ?" ಎಂದರು. ಪ್ಲೇಗು ಮರೆತುಹೋಯಿತು. ಜೇಬಿನಿಂದ ಲೇವಿಯ ನೋಟುಬುಕ್ಕು ಹೊರಬಂತು, ಕಿವಿಯ ಹಿಂದಿನಿಂದ ಪೆನ್ಸಿಲು ಬಂತು. "ತೆಗೀರಿ. ನನ್ನ ಎದುರಿಗೇ ತೆಗೀರಿ."

ಮಾಸ್ತರರು ಶಾಲೆ ಬಿಟ್ಟು ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. ಆ ಹೊತ್ತಿನಲ್ಲಿ ತ್ರಿಕೋನವನ್ನೂ ಅನ್ನಲಿಲ್ಲ, ಚತುಷ್ಕೋನವನ್ನೂ ಅನ್ನಲಿಲ್ಲ.

ಇಬ್ಬರು ಸೇರಿ ಕಲ್ಲೆಬ್ಬಿಸಿದರು. ಹಗೇವಿನೊಳಗೆ ಕೆಟ್ಟ ಗಾಳಿ ಇರಬಹುದೆಂದು ನಾವೆಲ್ಲ ಹಿಂದೆ ಸರಿದೆವು. ಇಳಿಬಿಡಲು ಕಂದೀಲು ಸಿದ್ಧ ಮಾಡಿದ್ದ ಕೂಲಿಯವನು ಬಗ್ಗಿ ನೋಡಿ, "ಎಲ್ಲಿ ಇಳಿಬಿಡ್ಲಿರಿ? ಇಲ್ಲೇ ಮಣ್ಣು ಅದ," ಎಂದ.

"ಮ್ಯಾಲ ಮಣ್ಣು ಹಾಕಿರ್ತಾರ. ಅಗಿ," ಎಂದರು ಶರೀಫಸಾಬರು. ನಾನೂ ಅದನ್ನೇ ಅಂದುಕೊಂಡಿದ್ದೆ.

ಮೊಣಕಾಲುದ್ದ ಅಗೆದರು. ಮಣ್ಣು. ಸೊಂಟದುದ್ದ ಅಗೆದರು. ಮಣ್ಣು. ಆಳುದ್ದ ಅಗೆದು, ಒಳಗಿದ್ದವನ ರುಮಾಲು ಮಾತ್ರ ಕಾಣುವಂತಾದಾಗಲೂ ಮೇಲೆ ಬಂದದ್ದು ಕರಿ ಮಣ್ಣೇ. ಅಷ್ಟರಲ್ಲಿ ಸುತ್ತಲಿನ ಪರಸಿಗಳೆಲ್ಲ ಎದ್ದು, ನನ್ನ ಸಾಮ್ರಾಜ್ಯದ ಪಡಸಾಲೆ ಹೊಲವಾಗಿತ್ತು, ಬಿತ್ತುವುದೊಂದೇ ಬಾಕಿ!

"ಏನಜ್ಜಿ ಇದು?" ಎಂದು ಶರೀಫಸಾಬರು ತಿಮ್ಮವ್ವನನ್ನು ಕೇಳಿದರು.

"ಮಣ್ಣ್ರಿ."

"ಅದು ಕಾಣ್ತದ. ಹಗೇವಿನಾಗ ಮಣ್ಣು ಯಾರು ತುಂಬ್ತಾರ?"

"ನಾ ತುಂಬಿಸೀನ್ರಿ. ಮೊದಲ ರಜಾಕಾರರು ಬಂದು ಬಂಗಾರ ಅದ ಅಂತ ತೆಗೆಸಿದ್ರು. ಆಮ್ಯಾಗ ಮಿಲ್ಟ್ರಿಯವರು ಬಂದು ಬಂದೂಕ ಅದಾವ ಅಂತ ತೆಗೆಸಿದ್ರು. ಆಮ್ಯಾಗ ನಿಮ್ಮ ಲೇವಿಯವರು ಬಂದು ಜೋಳ ಅದ ಅಂತ ತೆಗೆಸಿದ್ರು. ಯಾರಿಗೂ ಏನೂ ಸಿಗಲಿಲ್ಲ. ತೆಗೆದವರು ಹಂಗೇ ಹೋಗ್ತಿದ್ರು, ಮುಚ್ಚಿ ಸಾರಿಸೋದು ನನ್ನ ಪಾಲಿಗೆ. ಸಾಕಾತು. ಕೆರಿ ಮಣ್ಣು ಹನ್ನೆರಡು ಗಾಡಿ ತರಿಸಿ ತುಂಬಿಸಿಬಿಟ್ಟೆ." ಆಮೇಲೆ ನನ್ನ ಕಡೆ ನೋಡಿ, "ನರ್ಸವ್ವಗ ಹೇಳೀನಲ್ಲ," ಎಂದಳು.

ಮಾಸ್ತರರು ಕೆಮ್ಮಿದರು. ಬೇರೆ ದಿನವಾಗಿದ್ದರೆ ಆ ಕೆಮ್ಮಿಗೆ ನಾನು ಔಷಧ ಕೊಡುತ್ತಿದ್ದೆ. ಆದರೆ ಆ ಗಳಿಗೆಯಲ್ಲಿ ನನಗೆ ಸಂತೋಷವೇ ಆಗಿತ್ತು. ಜೋಳವಿಲ್ಲ, ಗುನ್ಹೆಯಿಲ್ಲ, ನೌಕರಿ ಉಳಿಯಿತು!

ಆ ಸಂತೋಷ ಎರಡು ನಿಮಿಷ ಬದುಕಿತು. ಮರಿಲಿಂಗಪ್ಪ ಬಿಲವೂ ಸಿಗದೆ, ಇಲಿಯೂ ಸಿಗದೆ ಬೇಸತ್ತು, ಪರೀಕ್ಷೆಗಾಗಿ ಗುಲ್ಬರ್ಗಕ್ಕೆ ಕಳಿಸಲೆಂದು ಡಬ್ಬಿಯಲ್ಲಿಟ್ಟಿದ್ದ ನನ್ನ ಇಲಿಯನ್ನು ಇಕ್ಕಳದಿಂದ ಎತ್ತಿ ಬಿಸಿಲಿಗೆ ಹಿಡಿದರು. ತಿರುಗಿಸಿ ನೋಡಿದರು. ಅದರ ತಲೆ ಒಂದು ಕಡೆ ಜೋತುಬಿತ್ತು.

"ಇದರ ಕುತ್ತಿಗಿ ಮುರದದ," ಎಂದರು.

ಕೂಲಿಗಳು ಗುದ್ದಲಿ ಕೆಳಗಿಟ್ಟು ಹತ್ತಿರ ಬಂದರು.

"ಪ್ಲೇಗಿಗೆ ಕುತ್ತಿಗಿ ಮುರಿಯಂಗಿಲ್ಲ. ಇದನ್ನ ಯಾರೋ ಕೊಂದಾರ. ಯಾರೋ ಕೊಂದು ತಂದು ಇಟ್ಟಾರ." ಅವರು ಒಬ್ಬೊಬ್ಬರನ್ನಾಗಿ ನೋಡಿದರು. "ಹನ್ನೊಂದು ಮನಿ ಖಾಲಿ ಆಗ್ಯಾವ. ಇದು ಹುಡುಗಾಟಲ್ಲ. ಇಲಿ ಮೊದಲ ನೋಡಿದವರು ಯಾರು?"

ಶರೀಫಸಾಬರು ಸುಳ್ಳು ಹೇಳುವವರಲ್ಲ. "ನರ್ಸಬಾಯಿ," ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಳದಾಚೆ ಸುದ್ದಿ ಕೇಳಲು ಮರಳಿ ಬಂದಿದ್ದ ಓಣಿಯ ಜನವೂ ತಿರುಗಿತು. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಇಂದಿಗೂ ನನಗೆ ಗೊತ್ತಿಲ್ಲ. ಸತ್ಯ ಹೇಳಲೆಂದೇ ತೆರೆದೆ ಎಂದು ಬರೆದರೆ ನೀವು ನಂಬಬೇಡಿ.

"ನರ್ಸವ್ವ ಅಲ್ಲ," ಎಂದಳು ತಿಮ್ಮವ್ವ. "ಮೊದಲ ನೋಡಿದಾಕಿ ನಾನು."

"ನೀನೇನು?"

"ಹೌದ್ರಿ. ಒಲಿ ಹಿಂದ ಓಡಾಡಾಕತ್ತಿತ್ತು. ಒನಕಿಲೆ ಒಂದು ಹಾಕಿದೆ. ಸತ್ತಿತು."

"ಮತ್ತ ತಾನಾಗೇ ಸತ್ತು ಬಿದ್ದದ ಅಂತ ಸಿಸ್ಟರ್‌ಗೆ ಯಾಕ ಹೇಳಿದಿ?"

"ಸುಳ್ಳು ಹೇಳೀನ್ರಿ," ಎಂದಳು ತಿಮ್ಮವ್ವ, ಮಾಳಿಗೆ ಸೋರುತ್ತದೆ ಎಂದು ಹೇಳಿದ ಅದೇ ದನಿಯಲ್ಲಿ. "ಗಿರ್ದಾವರ ಸಾಹೇಬರು ಹೆದರಿ ನಾಕ ದಿನ ಬ್ಯಾರೆ ಕಡೆ ಹೋದ್ರ ನನಗ ರೊಟ್ಟಿ ಬಡಿಯೋದು ತಪ್ಪತದ ಅಂತ ಹೇಳೀನಿ. ಜೀಪ್ ಬರತದಂತ ನನಗೇನು ಗೊತ್ತು?"

ಶರೀಫಸಾಬರ ಮುಖ ಸಣ್ಣದಾಯಿತು. "ನನ್ನ ರೊಟ್ಟಿ ನಿನಗ ಅಷ್ಟು ತಕ್ಲೀಫ್ ಆಗಿತ್ತೇನಜ್ಜಿ?"

"ದಿನಾ ಎಂಟು ತಿಂತೀರಿ."

ಕೂಲಿಗಳು ನಕ್ಕರು. ಮರಿಲಿಂಗಪ್ಪ ನಗಲಿಲ್ಲ. ಪ್ಲೇಗಿನ ಭಯಾನಕತೆ, ಸುಳ್ಳಿನ ಪರಿಣಾಮ, ಸರ್ಕಾರದ ಜೀಪಿನ ಪೆಟ್ರೋಲು ಇವುಗಳ ಬಗ್ಗೆ ಅರ್ಧ ಗಂಟೆ ಅವಳನ್ನು ಬೈದರು. ಅಂಗಳದಾಚೆಯಿಂದ ಬಾಣಂತಿಯ ಅತ್ತೆ, "ಹಾಳಾದ ಮುದುಕಿ, ನಿನ್ನ ಸುಳ್ಳಿಗೆ ಬೆಂಕಿ ಹಚ್ಚ," ಎಂದು ಕೂಗಿದಳು. ಉಳಿದವರು ಇನ್ನೂ ಏನೇನೋ ಅಂದರು. ತಿಮ್ಮವ್ವ ಎಲ್ಲವನ್ನೂ ಕೇಳಿಸಿಕೊಂಡು ನಿಂತಳು. ಶರೀಫಸಾಬರು ತಮ್ಮ ಹಾಸಿಗೆ ಸುತ್ತಿದರು. "ಇಲ್ಲಿ ಪ್ಲೇಗೂ ಇಲ್ಲ, ಜೋಳನೂ ಇಲ್ಲ, ನಿಂದ್ರಾಕ ನೆಲಾನೂ ಇಲ್ಲ ನರ್ಸಬಾಯಿ," ಎಂದು ನನಗೆ ಸಲಾಮು ಮಾಡಿ, ಸೈಕಲ್ಲಿನ ಗಂಟೆ ಬಾರಿಸದೆಯೇ ಹೋದರು.

ಮರಿಲಿಂಗಪ್ಪ ಹೇಳಿಕೆ ಬರೆದು ಓದಿದರು: ತಿಮ್ಮವ್ವ ಎಂಬ ವೃದ್ಧೆಯು ಇಲಿಯನ್ನು ತಾನೇ ಕೊಂದು, ತಾನಾಗಿ ಸತ್ತಿತೆಂದು ಸುಳ್ಳು ಹೇಳಿ, ಕರ್ತವ್ಯನಿಷ್ಠ ನರ್ಸರನ್ನೂ ಗಿರ್ದಾವರರನ್ನೂ ದಾರಿ ತಪ್ಪಿಸಿದ್ದಾಳೆ, ವಯಸ್ಸಿನ ಕಾರಣ ಎಚ್ಚರಿಕೆ ಕೊಟ್ಟು ಬಿಡಲಾಗಿದೆ.

"ಹೆಬ್ಬೆಟ್ಟು ಒತ್ತಸ್ರಿ," ಎಂದು ಕಾಗದವನ್ನೂ ಮಸಿಯ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟು, ಜೀಪು ತಿರುಗಿಸಲು ಹೇಳಲು ಹೊರಗೆ ಹೋದರು.

ನಾನು ಕಾಗದ ಹಿಡಿದು ತಿಮ್ಮವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ದನಿ ತಗ್ಗಿಸಿ ಕೇಳಿದೆ: "ನಿನ್ನಿ ಮಧ್ಯಾಹ್ನ ಮಲಗಿದ್ದಿಲ್ಲೇನು ನೀ?"

"ಮಲಗಿದ್ದೆ. ನಿದ್ದಿ ಹತ್ತಿದ್ದಿಲ್ಲ."

"ನಾ ಇಡೋದು ನೋಡಿದಿ?"

"ನೋಡೀನಿ."

ಇದರಲ್ಲಿ ಏನೋ ಇದೆ. ನನ್ನ ತಲೆ ಗಡಿಯಾರದಂತೆ ಓಡಿತು. ಇವಳು ಇನ್ನು ಮನೆಯನ್ನೇ ಮರಳಿ ಕೇಳಬಹುದು. ನನ್ನ ನೌಕರಿ ಹೋದರೆ ಮನೆ ಬೇರೆಯವರ ಪಾಲಾಗಿ, ತನ್ನ ಕೋಣೆ ಹೋಗುತ್ತದೆಂದು ಲೆಕ್ಕ ಹಾಕಿರಬಹುದು. ಇಲ್ಲವೇ ಸಾಯುವತನಕ ನನ್ನನ್ನು ಮುಷ್ಟಿಯಲ್ಲಿಟ್ಟುಕೊಳ್ಳುವ ಯೋಚನೆ ಇರಬಹುದು.

"ನಿನಗ ಏನು ಬೇಕು? ಈಗಲೇ ಹೇಳಿಬಿಡು," ಎಂದೆ.

ತಿಮ್ಮವ್ವ ನನ್ನ ಮುಖವನ್ನು, ಔಷಧ ಬೇಡವೆಂದು ಹಟ ಹಿಡಿದ ರೋಗಿಯನ್ನು ನಾನು ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು.

"ಎಲ್ಲಿ ಒತ್ತಬೇಕು?" ಎಂದಳು.

ತೋರಿಸಿದೆ. ಹೆಬ್ಬೆರಳನ್ನು ಮಸಿಗೆ ಅದ್ದಿ, ತಾನು ಸುಳ್ಳುಗಾತಿ ಎಂದು ಬರೆದ ಕಾಗದದ ಕೆಳಗೆ ಗಟ್ಟಿಯಾಗಿ ಒತ್ತಿದಳು. ಬೆರಳು ಎತ್ತಿ, ಒರೆಸಲು ಅತ್ತಿತ್ತ ನೋಡಿದಳು. ಅವಳದು ಒಂದೇ ಸೀರೆ. ಅದು ತೊಳೆದು ಉಟ್ಟ ಸೀರೆ. ನನ್ನನ್ನು ಕೇಳದೆಯೇ ನನ್ನ ಬಿಳಿ ಸೀರೆಯ ಸೆರಗನ್ನು ಎಳೆದು ಬೆರಳನ್ನು ಒರೆಸತೊಡಗಿದಳು.

ನಾನು ಸೆರಗನ್ನು ಇನ್ನಷ್ಟು ಬಿಟ್ಟುಕೊಟ್ಟೆ.